ಬಜೆಯ ಬೇರು ಮತ್ತು ಟಿ.ಎಂ.ಎ.-2: ಒಂದು ರಾಸಾಯನಿಕ ಬಂಧುತ್ವದ ಪರಿಶೀಲನೆ

ಪ್ರವೇಶ

ಕನ್ನಡ ನಾಡಿನ ಮನೆಗಳಲ್ಲಿ ಎಳೆಯ ಮಗುವಿನ ಆರೈಕೆಯ ಸಾಮಗ್ರಿಗಳಲ್ಲಿ ಬಜೆಯ ಬೇರು ಬಹುಕಾಲದಿಂದ ಒಂದಾಗಿದೆ. ಸಾಣೆಕಲ್ಲಿನ ಮೇಲೆ ಎರಡು ಸುತ್ತು ತೇಯ್ದು, ಎದೆಹಾಲಿನಲ್ಲಿಯೋ ಜೇನಿನಲ್ಲಿಯೋ ಬೆರೆಸಿ ಮಗುವಿನ ನಾಲಿಗೆಗೆ ಸವರುವ ಪದ್ಧತಿ ಇಂದಿಗೂ ಪೂರ್ತಿಯಾಗಿ ಮರೆಯಾಗಿಲ್ಲ. ಮಾತು ಸ್ಫುಟವಾಗಲಿ, ಹೊಟ್ಟೆಯುಬ್ಬರ ಕಳೆಯಲಿ ಎಂಬುದು ಅದರ ಹಿಂದಿನ ಆಶಯ. ಇದೇ ಬೇರಿನ ಎಣ್ಣೆಯಲ್ಲಿರುವ ‘ಅಸರೋನ್’ ಎಂಬ ವಸ್ತುವಿಗೂ, ಆಂಫೆಟಮಿನ್ ಕುಲಕ್ಕೆ ಸೇರಿದ ‘ಟಿ.ಎಂ.ಎ.-2’ ಎಂಬ ಸಂಶ್ಲೇಷಿತ ಭ್ರಾಂತಿಕಾರಕಕ್ಕೂ ರಚನೆಯಲ್ಲಿ ನಿಕಟವಾದ ಹೋಲಿಕೆಯಿದೆ. ಈ ಹೋಲಿಕೆಯನ್ನು ಆಧರಿಸಿ, ಬಜೆಯನ್ನು ಸೇವಿಸಿದವರ ದೇಹದಲ್ಲಿ ಅಸರೋನ್ ತಾನಾಗಿಯೇ ಟಿ.ಎಂ.ಎ.-2 ಆಗಿ ಮಾರ್ಪಡುತ್ತದೆ ಎಂಬ ಊಹೆಯೊಂದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡಿತು. ಊಹೆಯಾಗಿ ಹುಟ್ಟಿದ ಈ ಮಾತು ಕಾಲಕ್ರಮೇಣ ಹಲವು ಬರಹಗಳಲ್ಲಿ ಸಿದ್ಧಪಟ್ಟ ಸತ್ಯದಂತೆ ಉಲ್ಲೇಖಗೊಳ್ಳತೊಡಗಿತು.

ಈ ಊಹೆಗೆ ಎಷ್ಟು ಆಧಾರವಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇದು ಕೇವಲ ರಸಾಯನಶಾಸ್ತ್ರದ ಕುತೂಹಲವಲ್ಲ. ಊಹೆ ನಿಜವಾಗಿದ್ದರೆ ನಮ್ಮ ತೊಟ್ಟಿಲ ಮದ್ದೊಂದು ಮಾದಕವಸ್ತುವಿನ ಮೂಲವೆನಿಸುತ್ತದೆ. ಸುಳ್ಳಾಗಿದ್ದರೆ, ಆ ಊಹೆಯ ಗದ್ದಲದಲ್ಲಿ ಬಜೆಯ ನಿಜವಾದ ಗುಣದೋಷಗಳು ನಮ್ಮ ಗಮನದಿಂದ ತಪ್ಪಿಹೋಗಿರುವ ಸಂಭವವಿದೆ. ಬಜೆಯ ಬಳಕೆಯೂ ಸಂಶ್ಲೇಷಿತ ಮಾದಕಗಳ ಹಾವಳಿಯೂ ಒಂದೇ ಊರಿನಲ್ಲಿ ಕಾಣಸಿಗುವ ಬೆಂಗಳೂರಿನ ಪೂರ್ವಭಾಗವನ್ನು ಈ ಚರ್ಚೆಗೆ ನೆಲೆಯಾಗಿ ಇಟ್ಟುಕೊಳ್ಳಲಾಗಿದೆ.

ದಂಡುಪ್ರದೇಶದಲ್ಲಿ ಬಜೆಯ ಹೆಸರುಗಳು

1809ರಲ್ಲಿ ಬ್ರಿಟಿಷರು ಹಲಸೂರಿನ ಸುತ್ತ ಸೇನಾನೆಲೆಯನ್ನು ಸ್ಥಾಪಿಸಿದ ಮೇಲೆ ಬೆಂಗಳೂರಿನ ಪೂರ್ವಭಾಗ ಪೇಟೆಗಿಂತ ಭಿನ್ನವಾದ ಜನಜೀವನವನ್ನು ರೂಪಿಸಿಕೊಂಡಿತು. ಸೇನೆಯ ಹಿಂದೆಯೇ ತಮಿಳು ಸೀಮೆಯ ವ್ಯಾಪಾರಿಗಳೂ ಕೆಲಸಗಾರರೂ ಬಂದರು. ದಖನಿ ಉರ್ದು ಮಾತಾಡುವ ಕುಟುಂಬಗಳು ನೆಲೆಸಿದವು. ತೆಲುಗು ಮತ್ತು ಕನ್ನಡ ಮನೆಮಾತಿನವರು ಮೊದಲಿನಿಂದಲೂ ಇದ್ದರು. 1947ರಲ್ಲಿ ಈ ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿ, 1949ರಲ್ಲಿ ನಗರಸಭೆಗಳು ಒಂದಾದವು. ಆದರೂ ಶಿವಾಜಿನಗರ, ಹಲಸೂರುಗಳ ಬಹುಭಾಷಿಕ ಸ್ವರೂಪ ಹಾಗೆಯೇ ಉಳಿಯಿತು.

ಈ ಬಹುಭಾಷಿಕತೆಯನ್ನು ಗ್ರಂಧಿಗೆ ಅಂಗಡಿಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಕನ್ನಡದವರು ‘ಬಜೆ’ ಎಂದು ಕೇಳುವ ಬೇರನ್ನೇ ತಮಿಳರು ‘ವಸಂಬು’ ಎಂದೂ, ತೆಲುಗರು ‘ವಸ’ ಎಂದೂ, ಮಲೆಯಾಳಿಗಳು ‘ವಯಂಬು’ ಎಂದೂ, ಉರ್ದು ಮಾತಿನವರು ‘ಬಚ್’ ಎಂದೂ ಕೇಳುತ್ತಾರೆ. ಯುನಾನಿ ವೈದ್ಯದಲ್ಲಿ ಇದಕ್ಕೆ ‘ವಜ್’ ಎಂದು ಹೆಸರು. ಸಂಸ್ಕೃತದ ‘ವಚಾ’ ಶಬ್ದದ ತದ್ಭವ ರೂಪವೇ ನಮ್ಮ ‘ಬಜೆ’. ಮಾತು ಎಂಬ ಅರ್ಥದ ‘ವಚ್’ ಧಾತುವಿನೊಡನೆ ಇದನ್ನು ಸಂಬಂಧಿಸುವುದು ರೂಢಿಯಲ್ಲಿದೆ. ತಮಿಳಿನಲ್ಲಿ ಇದಕ್ಕೆ ‘ಪಿಳ್ಳೈ ವಳರ್ಪ್ಪಾನ್’, ಅಂದರೆ ಮಗುವನ್ನು ಬೆಳೆಸುವುದು, ಎಂಬ ಇನ್ನೊಂದು ಹೆಸರಿದೆ. ಹೆಸರನ್ನೇ ಎತ್ತಬಾರದೆಂಬ ನಂಬಿಕೆಯಿಂದ ‘ಹೆಸರು ಹೇಳದ ಮದ್ದು’ ಎಂದು ಕರೆಯುವ ವಾಡಿಕೆಯೂ ಉಂಟು. ಚರಕಸಂಹಿತೆ ವಚೆಯನ್ನು ಲೇಖನೀಯ ಮತ್ತು ಸಂಜ್ಞಾಸ್ಥಾಪನ ಗಣಗಳಲ್ಲಿ ಸೇರಿಸಿದೆ. ತಪ್ಪಿದ ಪ್ರಜ್ಞೆಯನ್ನು ನೆಲೆಗೊಳಿಸುವುದು ಸಂಜ್ಞಾಸ್ಥಾಪನ. ಪ್ರಜ್ಞೆಯನ್ನು ಕದಡುವ ವಸ್ತುವಿನ ಮೂಲವೆಂದು ಆಧುನಿಕ ಊಹೆಯೊಂದು ಶಂಕಿಸಿದ ಬೇರು, ಪರಂಪರೆಯಲ್ಲಿ ಪ್ರಜ್ಞೆಯನ್ನು ನಿಲ್ಲಿಸುವ ಮದ್ದೆಂದು ಪ್ರಸಿದ್ಧವಾಗಿತ್ತೆಂಬುದು ಗಮನಾರ್ಹ.

ಬಜೆ ಜೌಗುನೆಲದ ಸಸ್ಯ. ಅಕೋರಸ್ ಕಲಾಮಸ್ ಎಂಬುದು ಇದರ ಸಸ್ಯಶಾಸ್ತ್ರೀಯ ನಾಮ. ಹಿಂದೆ ಇದನ್ನು ಕೆಸುವಿನ ಕುಟುಂಬಕ್ಕೆ ಸೇರಿಸುತ್ತಿದ್ದರು. ಈಗ ಪ್ರತ್ಯೇಕ ಕುಟುಂಬವಾಗಿ ಗಣಿಸುತ್ತಾರೆ. ‘ಬೇರು’ ಎಂದು ನಾವು ಕರೆಯುವುದು ವಾಸ್ತವವಾಗಿ ನೆಲದೊಳಗೆ ಅಡ್ಡಲಾಗಿ ಹಬ್ಬುವ, ಗಂಟುಗಂಟಾದ ಕಾಂಡ. ಕಾಶ್ಮೀರ, ಹಿಮಾಚಲ, ಮಣಿಪುರಗಳ ಜೌಗುಪ್ರದೇಶಗಳಲ್ಲಿ ತಾನಾಗಿ ಬೆಳೆಯುವ ಈ ಸಸ್ಯವನ್ನು ಕರ್ನಾಟಕದಲ್ಲಿ ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ ಬೆಳೆಯಾಗಿ ಕೃಷಿಮಾಡುವುದು ಪ್ರಸಿದ್ಧವಾಗಿದೆ.

ಅಸರೋನ್: ಎರಡು ರೂಪಗಳು

ಬಜೆಯ ಬೇರಿನ ಸುವಾಸನೆಗೆ ಕಾರಣವಾದ ಎಣ್ಣೆಯಲ್ಲಿ ಹಲವು ಘಟಕಗಳಿವೆ. ಅವುಗಳಲ್ಲಿ ಪ್ರಮುಖವಾದದ್ದು ಅಸರೋನ್. ಅದರ ಅಣುವಿನ ಕೇಂದ್ರದಲ್ಲಿ ಆರು ಇಂಗಾಲ ಪರಮಾಣುಗಳ ಒಂದು ಉಂಗುರವಿದೆ. ಉಂಗುರದ 1ನೆಯ ಸ್ಥಾನದಲ್ಲಿ ಮೂರು ಇಂಗಾಲಗಳ ಬಾಲವೊಂದು ಜೋಡಣೆಗೊಂಡಿದೆ. 2, 4 ಮತ್ತು 5ನೆಯ ಸ್ಥಾನಗಳಲ್ಲಿ ಮಿಥಾಕ್ಸಿ ಎಂಬ ಗುಂಪುಗಳಿವೆ. ಬಾಲದ ದ್ವಿಬಂಧದ ಸುತ್ತ ಪರಮಾಣುಗಳು ಎರಡು ರೀತಿಯಲ್ಲಿ ನಿಲ್ಲಬಹುದಾದ್ದರಿಂದ ಆಲ್ಫಾ-ಅಸರೋನ್ ಮತ್ತು ಬೀಟಾ-ಅಸರೋನ್ ಎಂಬ ಎರಡು ರೂಪಗಳು ಉಂಟಾಗುತ್ತವೆ. ಎರಡರಲ್ಲಿಯೂ ಪರಮಾಣುಗಳ ಸಂಖ್ಯೆ ಒಂದೇ. ಜೋಡಣೆಯ ದಿಕ್ಕು ಮಾತ್ರ ಬೇರೆ.

ಬಜೆಯಲ್ಲಿ ಬೀಟಾ-ಅಸರೋನ್ ಎಷ್ಟಿದೆ ಎಂಬುದು ಆ ಸಸ್ಯದ ವರ್ಣತಂತುಗಳ ಜೊತೆಯನ್ನು ಅವಲಂಬಿಸಿದೆ. ಉತ್ತರ ಅಮೆರಿಕದಲ್ಲಿ ಬೆಳೆಯುವ ದ್ವಿಗುಣಿತ ಬಗೆಯಲ್ಲಿ ಅದು ಇರುವುದಿಲ್ಲ. ಯುರೋಪಿನ ತ್ರಿಗುಣಿತ ಬಗೆಯಲ್ಲಿ ಸ್ವಲ್ಪ ಪ್ರಮಾಣದಲ್ಲಿದೆ. ಭಾರತ ಮತ್ತು ಪೂರ್ವ ಏಷ್ಯಾದ ಚತುರ್ಗುಣಿತ ಬಗೆಯಲ್ಲಿ ಮಾತ್ರ ಎಣ್ಣೆಯ ಬಹುಭಾಗ, ಅನೇಕ ವೇಳೆ ಶೇಕಡ 70ಕ್ಕೂ ಮಿಕ್ಕು, ಬೀಟಾ-ಅಸರೋನ್ ಆಗಿರುತ್ತದೆ. ಒಂದೇ ಹೆಸರಿನಡಿ ಬರುವ ಸಸ್ಯವಾದರೂ ಖಂಡದಿಂದ ಖಂಡಕ್ಕೆ ಅದರ ಒಳಗುಣ ಬದಲಾಗುತ್ತದೆಂಬ ಈ ಅಂಶ ಮುಂದಿನ ಚರ್ಚೆಗೆ ಅತ್ಯಂತ ಮುಖ್ಯವಾದುದು.

ಟಿ.ಎಂ.ಎ.-2: ಪ್ರಯೋಗಶಾಲೆಯ ಚರಿತ್ರೆ

ಆಂಫೆಟಮಿನ್ ಎಂಬುದು ಒಂದೇ ಔಷಧದ ಹೆಸರಾಗಿದ್ದರೂ ಅದೇ ಚೌಕಟ್ಟಿನ ಮೇಲೆ ನಿಂತ ನೂರಾರು ಅಣುಗಳ ಕುಲನಾಮವೂ ಹೌದು. ಇಂಗಾಲದ ಉಂಗುರ, ಮೂರು ಇಂಗಾಲಗಳ ಬಾಲ, ಆ ಬಾಲದ ನಡುವಿನ ಇಂಗಾಲಕ್ಕೆ ಅಂಟಿಕೊಂಡ ಸಾರಜನಕದ ಗುಂಪು ಇವು ಈ ಕುಲದ ಲಕ್ಷಣಗಳು. ಉಂಗುರ ಬರಿದಾಗಿದ್ದರೆ ಆ ವಸ್ತು ಎಚ್ಚರವನ್ನು ಹೆಚ್ಚಿಸುವ ಉತ್ತೇಜಕವಾಗುತ್ತದೆ. ಉಂಗುರದ ನಿರ್ದಿಷ್ಟ ಸ್ಥಾನಗಳಲ್ಲಿ ಮಿಥಾಕ್ಸಿಯಂಥ ಗುಂಪುಗಳು ಸೇರಿಕೊಂಡಾಗ ಅದೇ ಚೌಕಟ್ಟು ಭ್ರಾಂತಿಕಾರಕವಾಗಬಲ್ಲದು.

ಮೂರು ಮಿಥಾಕ್ಸಿ ಗುಂಪುಗಳಿರುವ ಆಂಫೆಟಮಿನ್‌ಗೆ ಟ್ರೈಮಿಥಾಕ್ಸಿ ಆಂಫೆಟಮಿನ್, ಸಂಕ್ಷೇಪವಾಗಿ ಟಿ.ಎಂ.ಎ. ಎಂದು ಹೆಸರು. ಮೂರು ಗುಂಪುಗಳನ್ನು ಉಂಗುರದ ಮೇಲೆ ಆರು ರೀತಿಯಲ್ಲಿ ಹಂಚಬಹುದಾದ್ದರಿಂದ ಈ ಹೆಸರಿನಲ್ಲಿ ಆರು ಅಣುಗಳಿವೆ. 3, 4, 5ನೆಯ ಸ್ಥಾನಗಳಲ್ಲಿ ಗುಂಪುಗಳಿರುವುದು ಮೂಲ ಟಿ.ಎಂ.ಎ. ಇದು ಮೆಕ್ಸಿಕೋದ ಪೆಯೋಟೆ ಕಳ್ಳಿಯಲ್ಲಿ ದೊರೆಯುವ ಮೆಸ್ಕಲಿನ್‌ನ ನಿಕಟ ಬಂಧು. 1955ರಲ್ಲಿ ಪೆರೆಟ್ಜ್, ಸ್ಮಿಥೀಸ್ ಮತ್ತು ಗಿಬ್ಸನ್ ಇದನ್ನು ಹೊಸ ಭ್ರಾಂತಿಕಾರಕವೆಂದು ವರದಿಮಾಡಿದರು. 2, 4, 5ನೆಯ ಸ್ಥಾನಗಳಲ್ಲಿ ಗುಂಪುಗಳಿರುವುದು ಟಿ.ಎಂ.ಎ.-2. ಇದನ್ನು 1933ರಷ್ಟು ಹಿಂದೆಯೇ ಬ್ರುಕ್ನರ್ ಎಂಬ ರಸಾಯನಶಾಸ್ತ್ರಜ್ಞ ತಯಾರಿಸಿದ್ದರೂ ಅದರ ಮಾನಸಿಕ ಪರಿಣಾಮ ಬೆಳಕಿಗೆ ಬಂದುದು 1960ರ ದಶಕದಲ್ಲಿ, ಅಮೆರಿಕದ ಅಲೆಕ್ಸಾಂಡರ್ ಶುಲ್ಗಿನ್ ಅವರ ಕೆಲಸದಿಂದ.

ಶುಲ್ಗಿನ್ (1925–2014) ಡೌ ರಾಸಾಯನಿಕ ಸಂಸ್ಥೆಯಲ್ಲಿದ್ದಾಗ ಉಂಗುರದ ಮೇಲಿನ ಗುಂಪುಗಳನ್ನು ಸ್ಥಾನದಿಂದ ಸ್ಥಾನಕ್ಕೆ ಸರಿಸುತ್ತ, ಯಾವ ಬದಲಾವಣೆಗೆ ಯಾವ ಪರಿಣಾಮವೆಂಬುದನ್ನು ಕ್ರಮವಾಗಿ ಪರಿಶೀಲಿಸಿದರು. 1969ರಲ್ಲಿ ಸಾರ್ಜೆಂಟ್ ಮತ್ತು ನರಾಂಹೊ ಅವರೊಡನೆ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಮೆಸ್ಕಲಿನ್‌ನ ಪ್ರಭಾವವನ್ನು 1 ಎಂದು ಇಟ್ಟುಕೊಂಡು ಉಳಿದವನ್ನು ಅಳೆದರು. ಆ ಅಳತೆಯಲ್ಲಿ ಟಿ.ಎಂ.ಎ.ಗೆ ಸುಮಾರು 2 ದೊರೆತರೆ ಟಿ.ಎಂ.ಎ.-2ಕ್ಕೆ ಸುಮಾರು 17 ದೊರೆಯಿತು. ಕೇವಲ ಒಂದು ಗುಂಪಿನ ಸ್ಥಾನಪಲ್ಲಟದಿಂದ ಪ್ರಭಾವ ಹಲವು ಪಟ್ಟು ಹೆಚ್ಚಿತೆಂಬುದು ಆ ಕಾಲಕ್ಕೆ ಬೆರಗಿನ ಸಂಗತಿ. 2, 4, 5ರ ವಿನ್ಯಾಸವೇ ಮುಖ್ಯವೆಂದು ಮನಗಂಡ ಶುಲ್ಗಿನ್, 4ನೆಯ ಸ್ಥಾನದ ಮಿಥಾಕ್ಸಿಯನ್ನು ತೆಗೆದು ಮೀಥೈಲ್ ಗುಂಪನ್ನು ಇಟ್ಟು 1963ರಲ್ಲಿ ಡಿ.ಓ.ಎಂ. ಎಂಬ ಇನ್ನೂ ಪ್ರಬಲವಾದ ಅಣುವನ್ನು ಪಡೆದರು.

ಡಿ.ಓ.ಎಂ. 1967ರಲ್ಲಿ ‘ಎಸ್.ಟಿ.ಪಿ.’ ಎಂಬ ಹೆಸರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಗಳಿಗೆ ಬಂದಾಗ ಆದ ಅನಾಹುತ ಈ ಕುಲದ ಇತಿಹಾಸದಲ್ಲಿ ಎಚ್ಚರಿಕೆಯ ಪಾಠವಾಗಿ ಉಳಿದಿದೆ. ಗುಳಿಗೆಗಳಲ್ಲಿ ಪ್ರಮಾಣ ಅತಿಯಾಗಿತ್ತು. ಪರಿಣಾಮ ನಿಧಾನವಾಗಿ ಏರುತ್ತಿದ್ದುದರಿಂದ, ಏನೂ ಆಗಲಿಲ್ಲವೆಂದು ಬಗೆದವರು ಇನ್ನೊಂದನ್ನು ನುಂಗಿದರು. ಒಮ್ಮೆ ಏರಿದ ಭ್ರಾಂತಿ ಹತ್ತಾರು ಗಂಟೆ ಇಳಿಯಲಿಲ್ಲ. ಆಸ್ಪತ್ರೆಗೆ ಬಂದವರು ತೆಗೆದುಕೊಂಡ ವಸ್ತು ಯಾವುದೆಂದು ವೈದ್ಯರಿಗೂ ಮೊದಲು ತಿಳಿದಿರಲಿಲ್ಲ.

ಟಿ.ಎಂ.ಎ.-2ರ ಮಟ್ಟಿಗೆ ಹೇಳುವುದಾದರೆ, ಮಾನವರ ಮೇಲಿನ ಅದರ ಪರಿಣಾಮದ ಬಗ್ಗೆ ನಮಗಿರುವ ತಿಳಿವಳಿಕೆಯ ಬಹುಭಾಗ ಶುಲ್ಗಿನ್ ಮತ್ತು ಅವರ ಸಣ್ಣ ಬಳಗ ತಮ್ಮ ಮೇಲೆಯೇ ಮಾಡಿಕೊಂಡ ಪ್ರಯೋಗಗಳ ಟಿಪ್ಪಣಿಗಳಿಂದ ಬಂದುದು. ಅವು 1991ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದವು. ಕ್ರಮಬದ್ಧವಾದ ವೈದ್ಯಕೀಯ ಅಧ್ಯಯನಗಳು ಅತ್ಯಲ್ಪ. ಆದ್ದರಿಂದ ಈ ವಸ್ತುವನ್ನು ಅಲ್ಪಪರಿಚಿತವೆಂದು ಕರೆಯುವುದು ಉತ್ಪ್ರೇಕ್ಷೆಯಲ್ಲ.

ಮೆದುಳಿನ ಬೀಗ ಮತ್ತು ಬೆಂಗಳೂರಿನ ಸಂಶೋಧನೆ

ಈ ಕುಲದ ಭ್ರಾಂತಿಕಾರಕಗಳು ಮೆದುಳಿನಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬ ಪ್ರಶ್ನೆಗೆ ಮುಖ್ಯವಾದ ಉತ್ತರ 1984ರಲ್ಲಿ ದೊರೆಯಿತು. ಅಮೆರಿಕದ ಗ್ಲೆನನ್ ಮತ್ತು ಸಂಗಡಿಗರು, ಇಂಥ ಅಣುಗಳು ಸೆರೊಟೊನಿನ್‌ನ ಒಂದು ಗ್ರಾಹಕಕ್ಕೆ ಎಷ್ಟು ಬಿಗಿಯಾಗಿ ಅಂಟಿಕೊಳ್ಳುತ್ತವೆಯೋ ಮನುಷ್ಯರಲ್ಲಿ ಅವುಗಳ ಭ್ರಾಂತಿಕಾರಕ ಶಕ್ತಿ ಅಷ್ಟು ಹೆಚ್ಚಾಗಿರುತ್ತದೆ ಎಂದು ತೋರಿಸಿದರು. ಗ್ರಾಹಕವೆಂದರೆ ನರಕೋಶದ ಹೊರಪೊರೆಯಲ್ಲಿರುವ ಬೀಗದಂಥ ಪ್ರೋಟೀನು. ಅದಕ್ಕೆ ಹೊಂದುವ ಕೀಲಿ ಸೆರೊಟೊನಿನ್. ಭ್ರಾಂತಿಕಾರಕ ಅಣು ಆ ಬೀಗವನ್ನು ಬೇರೊಂದು ರೀತಿಯಲ್ಲಿ ತಿರುಗಿಸುವ ಕಳ್ಳಕೀಲಿ. ಈ ಗ್ರಾಹಕವನ್ನು ಇಂದು 5-ಎಚ್.ಟಿ.-2ಎ ಎಂದು ಗುರುತಿಸುತ್ತಾರೆ.

ಇದೇ ಗ್ರಾಹಕವನ್ನು ಕುರಿತ ಮಹತ್ವದ ಕೆಲಸವೊಂದು ಬೆಂಗಳೂರಿನಲ್ಲಿಯೇ ನಡೆದಿದೆ. ಜಿ.ಕೆ.ವಿ.ಕೆ. ಆವರಣದಲ್ಲಿರುವ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಮಿತ್ರದಾಸ್ ಪಣಿಕ್ಕರ್ ಮತ್ತು ಅವರ ಸಹೋದ್ಯೋಗಿಗಳು, ಸೆರೊಟೊನಿನ್ ಸೋಕಿದ ಮೇಲೆ ಈ ಗ್ರಾಹಕ ಕೋಶದ ಒಳಕ್ಕೆ ಸರಿಯುವುದನ್ನೂ ಬಳಿಕ ಮತ್ತೆ ಹೊರಪೊರೆಗೆ ಮರಳುವುದನ್ನೂ ವಿವರಿಸಿ 2002ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ ಪ್ರಕಟಿಸಿದರು. ಗ್ರಾಹಕ ಒಂದೆಡೆ ಸ್ಥಿರವಾಗಿ ನಿಂತ ಬೀಗವಲ್ಲ, ಕೀಲಿ ಬಿದ್ದೊಡನೆ ತಾನೂ ಸ್ಥಳಬದಲಿಸುವ ವಸ್ತು ಎಂಬ ಅರಿವು, ಭ್ರಾಂತಿಕಾರಕಗಳ ದೀರ್ಘ ಪರಿಣಾಮವನ್ನೂ ದೇಹ ಅವಕ್ಕೆ ಒಗ್ಗಿಕೊಳ್ಳುವ ಬಗೆಯನ್ನೂ ತಿಳಿಯಲು ಅಗತ್ಯವಾದುದು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಕುಲದ ಅಣುಗಳು ಬೀಗಕ್ಕೆ ಕೂರಲು ಬಾಲದ ಸಾರಜನಕ ಅತ್ಯಗತ್ಯ. ಅಸರೋನ್‌ನಲ್ಲಿ ಸಾರಜನಕವೇ ಇಲ್ಲ. ಆದ್ದರಿಂದ ಬಜೆಗೆ ಟಿ.ಎಂ.ಎ.-2ರಂಥ ಪರಿಣಾಮ ಇರಬೇಕಾದರೆ ದೇಹವೇ ಅಸರೋನ್‌ಗೆ ಸಾರಜನಕವನ್ನು ಜೋಡಿಸಿಕೊಡಬೇಕು. ಇಡೀ ಚರ್ಚೆ ಈ ಒಂದು ಹೆಜ್ಜೆಯ ಮೇಲೆ ನಿಂತಿದೆ.

ಊಹೆಯ ಹುಟ್ಟು ಮತ್ತು ಅದರ ಪರೀಕ್ಷೆ

ಅಸರೋನ್‌ನಲ್ಲಿ 12 ಇಂಗಾಲ, 16 ಜಲಜನಕ, 3 ಆಮ್ಲಜನಕ ಪರಮಾಣುಗಳಿವೆ. ಟಿ.ಎಂ.ಎ.-2ರಲ್ಲಿ 12 ಇಂಗಾಲ, 19 ಜಲಜನಕ, 3 ಆಮ್ಲಜನಕ, 1 ಸಾರಜನಕ. ಎರಡರ ನಡುವಿನ ವ್ಯತ್ಯಾಸ 3 ಜಲಜನಕ ಮತ್ತು 1 ಸಾರಜನಕ. ಅಂದರೆ ಒಂದು ಅಮೋನಿಯಾ ಅಣು. ಕಾಗದದ ಮೇಲೆ ಅಸರೋನ್‌ಗೆ ಅಮೋನಿಯಾವನ್ನು ಕೂಡಿದರೆ ಟಿ.ಎಂ.ಎ.-2 ದೊರೆಯುತ್ತದೆ. ಇದೇ ಲೆಕ್ಕದಲ್ಲಿ ಜಾಯಿಕಾಯಿಯ ಎಲೆಮಿಸಿನ್‌ನಿಂದ ಟಿ.ಎಂ.ಎ.ಯನ್ನೂ, ಮಿರಿಸ್ಟಿಸಿನ್‌ನಿಂದ ಎಂ.ಎಂ.ಡಿ.ಎ.ಯನ್ನೂ, ಸ್ಯಾಫ್ರೋಲ್‌ನಿಂದ ಎಂ.ಡಿ.ಎ.ಯನ್ನೂ ಪಡೆಯಬಹುದು. ಸಾಂಬಾರ ಪದಾರ್ಥಗಳ ಎಣ್ಣೆಗಳಿಗೂ ಭ್ರಾಂತಿಕಾರಕ ಆಂಫೆಟಮಿನ್‌ಗಳಿಗೂ ಇರುವ ಈ ಸಾಲುಸಾಲಾದ ಸಾಮ್ಯವನ್ನು ಶುಲ್ಗಿನ್ ಗುರುತಿಸಿದರು. ಇಂಥ ಮಾರ್ಪಾಟು ಪಿತ್ತಕೋಶದ ನೆರೆಯ ಯಕೃತ್ತಿನಲ್ಲಿ ನಡೆಯಬಹುದೆಂಬ ವಾದಕ್ಕೆ ಅದರಿಂದ ಬಲ ಬಂದಿತು. ಇದರ ಜೊತೆಗೆ 1967ರಲ್ಲಿ ಹಾಫರ್ ಮತ್ತು ಆಸ್ಮಂಡ್ ತಮ್ಮ ಗ್ರಂಥದಲ್ಲಿ, ಕೆನಡಾದ ಕ್ರೀ ಜನ ಬಜೆಯ ಬೇರನ್ನು ಅಗಿಯುವ ರೂಢಿಯನ್ನೂ ಹೆಚ್ಚು ಸೇವಿಸಿದಾಗ ವಿಚಿತ್ರ ಅನುಭವವಾಗುತ್ತದೆಂಬ ಹೇಳಿಕೆಯನ್ನೂ ದಾಖಲಿಸಿದರು. ಲೆಕ್ಕ ಮತ್ತು ಹೇಳಿಕೆ ಎರಡೂ ಕೂಡಿ ಊಹೆ ಗಟ್ಟಿಯಾಯಿತು.

ಈ ಊಹೆಯನ್ನು ನಾಲ್ಕು ನೆಲೆಗಳಲ್ಲಿ ಪರೀಕ್ಷಿಸಬಹುದು.

ಮೊದಲನೆಯದು ಸಸ್ಯಶಾಸ್ತ್ರದ ನೆಲೆ. ಕೆನಡಾದ ಮೂಲನಿವಾಸಿಗಳು ಬಳಸುವ ಬಜೆ ದ್ವಿಗುಣಿತ ಬಗೆಯದು. ಅದರಲ್ಲಿ ಬೀಟಾ-ಅಸರೋನ್ ಇರುವುದಿಲ್ಲವೆಂಬುದನ್ನು ಈಗಾಗಲೇ ನೋಡಿದ್ದೇವೆ. ಕ್ರೀ ಜನರ ಅನುಭವ ಏನೇ ಇದ್ದಿರಲಿ, ಅದಕ್ಕೆ ಈ ಘಟಕವನ್ನು ಕಾರಣವೆನ್ನುವುದು ಕಷ್ಟ. ಇತ್ತ ಬೀಟಾ-ಅಸರೋನ್ ಧಾರಾಳವಾಗಿರುವ ಭಾರತದ ಬಜೆಯನ್ನು ಶತಮಾನಗಳಿಂದ ಬಳಸಿದ ವೈದ್ಯಪರಂಪರೆ ಅದನ್ನು ಮೇಧ್ಯವೆಂದೂ ಸಂಜ್ಞಾಸ್ಥಾಪನವೆಂದೂ ವರ್ಣಿಸಿದೆ. ಊಹೆ ನಿಜವಾಗಿದ್ದರೆ ಭ್ರಾಂತಿಯ ವರದಿಗಳು ಅಸರೋನ್ ಹೆಚ್ಚಿರುವ ನಾಡಿನಿಂದ ಬರಬೇಕಾಗಿತ್ತು.

ಎರಡನೆಯದು ಔಷಧಶಾಸ್ತ್ರದ ನೆಲೆ. 1950 ಮತ್ತು 1960ರ ದಶಕಗಳಲ್ಲಿ ಪಿ. ಸಿ. ದಾಂಡಿಯಾ ಮತ್ತು ಸಂಗಡಿಗರು ಬಜೆಯ ಎಣ್ಣೆಯನ್ನೂ ಅಸರೋನನ್ನೂ ಪ್ರಾಣಿಗಳ ಮೇಲೆ ವಿಸ್ತಾರವಾಗಿ ಪರೀಕ್ಷಿಸಿದರು. ಅವರಿಗೆ ಕಂಡುಬಂದುದು ಉತ್ತೇಜನವಲ್ಲ, ಶಮನ. ಪ್ರಾಣಿಗಳು ಶಾಂತವಾದವು, ನಿದ್ರೆಯ ಔಷಧದ ಪರಿಣಾಮ ದೀರ್ಘವಾಯಿತು. ಮೆನನ್ ಮತ್ತು ದಾಂಡಿಯಾ 1967ರಲ್ಲಿ ಅಸರೋನ್‌ನ ಈ ಶಾಮಕ ಕ್ರಿಯೆಯ ಮೂಲವನ್ನೇ ಶೋಧಿಸಿ ಬರೆದರು. ಆಂಫೆಟಮಿನ್ ಆಗಿ ಮಾರ್ಪಡುವ ವಸ್ತುವಿನಿಂದ ನಿರೀಕ್ಷಿಸಬಹುದಾದ ವರ್ತನೆ ಇದಲ್ಲ.

ಮೂರನೆಯದು ಸಾದೃಶ್ಯದ ನೆಲೆ. ಜಾಯಿಕಾಯಿಯ ವಿಷಯದಲ್ಲಿಯೂ ಇಂಥದೇ ಊಹೆಯಿತ್ತು. 1973ರಲ್ಲಿ ಬ್ರೌನ್ ಮತ್ತು ಕಾಲ್ಬೆನ್ ಇಲಿಯ ಯಕೃತ್ತನ್ನು ಬಳಸಿ ಮಾಡಿದ ಪ್ರಯೋಗ ಅದಕ್ಕೆ ಅನುಕೂಲವಾದ ಸೂಚನೆಯನ್ನು ಕೊಟ್ಟಿತ್ತು. ಆದರೆ 2006ರಲ್ಲಿ ಜರ್ಮನಿಯ ಬೇಯರ್, ಎಹ್ಲರ್ಸ್ ಮತ್ತು ಮೌರರ್ ಇಲಿಗಳ ಮೂತ್ರವನ್ನೂ ಜಾಯಿಕಾಯಿ ಸೇವಿಸಿದ ಮನುಷ್ಯನ ಮೂತ್ರವನ್ನೂ ಸೂಕ್ಷ್ಮವಾಗಿ ವಿಶ್ಲೇಷಿಸಿದಾಗ ಆಂಫೆಟಮಿನ್ ಕುಲದ ಯಾವ ವಸ್ತುವೂ ದೊರೆಯಲಿಲ್ಲ.

ನಾಲ್ಕನೆಯದೂ ನಿರ್ಣಾಯಕವೂ ಆದುದು ನೇರ ಪರೀಕ್ಷೆ. ಸ್ವೀಡನ್ನಿನಲ್ಲಿ ಭ್ರಾಂತಿಯನ್ನು ಅರಸಿ ಬಜೆಯ ಎಣ್ಣೆ ಮೊದಲಾದವನ್ನು ಸೇವಿಸಿ ಆಸ್ಪತ್ರೆ ಸೇರಿದ ಏಳು ಪ್ರಕರಣಗಳನ್ನು ಬ್ಯೋರ್ನ್‌ಸ್ಟಾಡ್ ಮತ್ತು ಸಂಗಡಿಗರು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದರು. ಮೂತ್ರದಲ್ಲಿ ಅಸರೋನ್ ದೊರೆಯಿತು, ಟಿ.ಎಂ.ಎ.-2 ದೊರೆಯಲಿಲ್ಲ. ರೋಗಿಗಳ ಪ್ರಧಾನ ಲಕ್ಷಣ ಭ್ರಾಂತಿಯಾಗಿರದೆ ಗಂಟೆಗಟ್ಟಲೆ ಬಿಡದೆ ಕಾಡಿದ ವಾಂತಿಯಾಗಿತ್ತು.

ಈ ನಾಲ್ಕೂ ಸಾಕ್ಷ್ಯಗಳು ಒಂದೇ ದಿಕ್ಕಿಗೆ ಬೆರಳುಮಾಡುತ್ತವೆ. ಅಸರೋನ್ ಮತ್ತು ಟಿ.ಎಂ.ಎ.-2 ರಚನೆಯಲ್ಲಿ ಬಂಧುಗಳು. ಆದರೆ ದೇಹ ಒಂದನ್ನು ಇನ್ನೊಂದಾಗಿ ಮಾರ್ಪಡಿಸುತ್ತದೆಂಬುದಕ್ಕೆ ಆಧಾರವಿಲ್ಲ. ಅಮೋನಿಯಾವನ್ನು ಕೂಡಿಸುವ ಲೆಕ್ಕ ಕಾಗದದ ಮೇಲಿನದು. ಯಕೃತ್ತಿನ ಕಿಣ್ವಗಳ ದಾರಿ ಬೇರೆ.

ನಿಜವಾದ ಅಪಾಯ

ಯಕೃತ್ತು ಅಸರೋನನ್ನು ಏನು ಮಾಡುತ್ತದೆ? ಅದು ಸಾರಜನಕವನ್ನು ಜೋಡಿಸುವುದಿಲ್ಲ, ಆಮ್ಲಜನಕವನ್ನು ಜೋಡಿಸುತ್ತದೆ. ಜರ್ಮನಿಯ ಕಾರ್ಟಸ್, ಶ್ರೆಂಕ್ ಮೊದಲಾದವರು 2010ರ ದಶಕದಲ್ಲಿ ನಡೆಸಿದ ಅಧ್ಯಯನಗಳಂತೆ, ಬಾಲದ ದ್ವಿಬಂಧದ ಮೇಲೆ ಆಮ್ಲಜನಕ ಸೇರಿ ಎಪಾಕ್ಸೈಡ್ ಎಂಬ ಚುರುಕಾದ ವಸ್ತು ಉಂಟಾಗುತ್ತದೆ. ಅದು ಕೋಶದ ಡಿ.ಎನ್.ಎ.ಗೆ ಅಂಟಿಕೊಳ್ಳಬಲ್ಲದು.

ಪ್ರಾಣಿಪ್ರಯೋಗಗಳಲ್ಲಿ ಇದರ ಫಲ ಮೊದಲೇ ಕಂಡುಬಂದಿತ್ತು. 1967ರಲ್ಲಿ ಜಮ್ಮುವಿನ ಬಜೆಯ ಎಣ್ಣೆಯನ್ನು ಆಹಾರದಲ್ಲಿ ಬೆರೆಸಿ ಇಲಿಗಳಿಗೆ ದೀರ್ಘಕಾಲ ಕೊಟ್ಟಾಗ ಸಣ್ಣಕರುಳಿನ ಮೊದಲ ಭಾಗದಲ್ಲಿ ಗೆಡ್ಡೆಗಳು ಕಾಣಿಸಿಕೊಂಡವು. ಇದರ ಬೆನ್ನಲ್ಲೇ 1968ರಲ್ಲಿ ಅಮೆರಿಕ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಯುರೋಪಿನ ಒಕ್ಕೂಟ 2008ರ ನಿಯಮದ ಮೂಲಕ ಚತುರ್ಗುಣಿತ ಬಜೆಯನ್ನು ರುಚಿಕಾರಕಗಳಿಗೆ ಬಳಸಬಾರದೆಂದು ವಿಧಿಸಿತು. ಮದ್ಯಗಳಲ್ಲಿ ಬೀಟಾ-ಅಸರೋನ್ ಕಿಲೋಗ್ರಾಮಿಗೆ 1 ಮಿಲಿಗ್ರಾಮನ್ನು ಮೀರಬಾರದೆಂದೂ ಗೊತ್ತುಪಡಿಸಿತು.

ಚತುರ್ಗುಣಿತ ಬಗೆಯೇ ನಮ್ಮ ನಾಡಿನಲ್ಲಿ ಪ್ರಚುರವಾಗಿರುವುದರಿಂದ ಈ ಸಂಗತಿ ನಮಗೆ ಹೊರಗಿನದಲ್ಲ. ಆದರೆ ಇಲಿಗಳಿಗೆ ನಿತ್ಯವೂ ತಿನ್ನಿಸಿದ ಎಣ್ಣೆಗೂ ಸಾಣೆಕಲ್ಲಿನ ಎರಡು ಸುತ್ತಿಗೂ ಪ್ರಮಾಣದಲ್ಲಿ ಅಗಾಧ ಅಂತರವಿದೆಯೆಂಬುದನ್ನು ಮರೆಯಬಾರದು. ಆಯುರ್ವೇದವೂ ಬಜೆಯನ್ನು ಹಾಗೆಯೇ ಬಳಸೆಂದು ಹೇಳುವುದಿಲ್ಲ. ಗೋಮೂತ್ರ, ಮುಂಡೀ ಕಷಾಯ, ಪಂಚಪಲ್ಲವ ಕಷಾಯಗಳಲ್ಲಿ ಕ್ರಮವಾಗಿ ಬೇಯಿಸುವ ವಚಾಶೋಧನೆಯ ವಿಧಿಯಿದೆ. ಬೀಟಾ-ಅಸರೋನ್ ಆವಿಯಾಗಿ ಹೋಗಬಲ್ಲ ಎಣ್ಣೆಯ ಅಂಶವಾದ್ದರಿಂದ ಈ ವಿಧಿಯ ಹಿಂದಿನ ಅನುಭವವನ್ನು ಆಧುನಿಕ ವಿಶ್ಲೇಷಣೆಗೆ ಒಳಪಡಿಸುವುದು ಉಚಿತ. ಇಂದು ಶಿವಾಜಿನಗರದಲ್ಲಾಗಲಿ ಕೃಷ್ಣರಾಜಪುರದಲ್ಲಾಗಲಿ ಅಂಗಡಿಯಿಂದ ಬೇರನ್ನು ಕೊಂಡು ಮನೆಯಲ್ಲಿ ತೇಯುವವರಿಗೆ ಶೋಧನೆಯ ಅರಿವು ಇರುವುದು ವಿರಳ. ತಿಂಗಳು ತುಂಬದ ಮಗುವಿಗೆ ಅಳತೆಯಿಲ್ಲದೆ, ಬಹುದಿನ ನಿರಂತರವಾಗಿ ಕೊಡುವುದನ್ನು ಸಮರ್ಥಿಸುವ ವೈಜ್ಞಾನಿಕ ಆಧಾರವಿಲ್ಲ. ಎಳೆಗೂಸು ವಾಂತಿಯಿಂದ ಬಳಲಿ ಬಂದಾಗ ಬಜೆಯನ್ನು ಕೊಟ್ಟಿದ್ದರೆ ಎಂದು ಅದರ ಎಲ್ಲ ಭಾಷೆಯ ಹೆಸರುಗಳಲ್ಲಿಯೂ ಕೇಳುವುದು ದಂಡುಪ್ರದೇಶದ ವೈದ್ಯರಿಗೆ ಉಪಯುಕ್ತವಾದೀತು. ‘ಬಜೆ’ ಎಂದಾಗ ಇಲ್ಲವೆಂದ ತಾಯಿ ‘ವಸಂಬು’ ಎಂದಾಗ ಹೌದೆನ್ನಬಹುದು.

ಕಾನೂನು ಮತ್ತು ವಿಶ್ಲೇಷಣೆ

ಬಜೆಯನ್ನು ಶಂಕೆಯಿಂದ ಬಿಡಿಸಿದ ಮಾತ್ರಕ್ಕೆ ಟಿ.ಎಂ.ಎ.-2ರ ಪ್ರಶ್ನೆ ಮುಗಿಯುವುದಿಲ್ಲ. ಆಂಫೆಟಮಿನ್ ಕುಲದ ಸಂಶ್ಲೇಷಿತ ವಸ್ತುಗಳು ಬೆಂಗಳೂರಿಗೆ ಅಪರಿಚಿತವಲ್ಲ. 2020ರ ಆಗಸ್ಟಿನಲ್ಲಿ ಮಾದಕವಸ್ತು ನಿಯಂತ್ರಣ ಬ್ಯೂರೋ ಕಲ್ಯಾಣನಗರದಲ್ಲಿ ಎಂ.ಡಿ.ಎಂ.ಎ. ಗುಳಿಗೆಗಳನ್ನು ವಶಪಡಿಸಿಕೊಂಡ ಪ್ರಕರಣ ರಾಜ್ಯದಾದ್ಯಂತ ಸುದ್ದಿಯಾಯಿತು. ಎಂ.ಡಿ.ಎಂ.ಎ. ಚಿರಪರಿಚಿತ ವಸ್ತು, ಅದನ್ನು ಗುರುತಿಸುವ ವಿಧಾನಗಳು ಸಿದ್ಧವಾಗಿವೆ. ಅಲ್ಪಪರಿಚಿತ ಬಂಧುಗಳ ವಿಷಯ ಹಾಗಲ್ಲ.

ಮನೋಪರಿಣಾಮಕಾರಿ ವಸ್ತುಗಳನ್ನು ಕುರಿತ 1971ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1975ರಲ್ಲಿ ಸೇರಿತು. 1985ರ ನವೆಂಬರ್ 14ರಂದು ಜಾರಿಗೆ ಬಂದ ಮಾದಕ ಔಷಧಗಳು ಮತ್ತು ಮನೋಪರಿಣಾಮಕಾರಿ ವಸ್ತುಗಳ ಕಾಯಿದೆಯ ಅನುಸೂಚಿಯಲ್ಲಿ ಡಿ.ಓ.ಎಂ., ಡಿ.ಓ.ಬಿ., ಎಂ.ಡಿ.ಎ. ಮೊದಲಾದ ಈ ಕುಲದ ವಸ್ತುಗಳು ಹೆಸರು ಹೆಸರಾಗಿ ನಮೂದಾಗಿವೆ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ‘ಟಿ.ಎಂ.ಎ.’ ಎಂದು ಹೆಸರಿಸಿರುವುದು 3, 4, 5ರ ವಿನ್ಯಾಸದ ಅಣುವನ್ನು. ಟಿ.ಎಂ.ಎ.-2ನ್ನು ಯುರೋಪಿನ ಒಕ್ಕೂಟ 2003ರ ನವೆಂಬರ್ 27ರ ನಿರ್ಣಯದಿಂದ, ಇನ್ನು ಮೂರು ಸಂಶ್ಲೇಷಿತ ವಸ್ತುಗಳೊಡನೆ, ಪ್ರತ್ಯೇಕವಾಗಿ ನಿಯಂತ್ರಣಕ್ಕೆ ತಂದಿತು. ಬಜೆಯ ಗಿಡವಾಗಲಿ ಬೇರಾಗಲಿ ನಮ್ಮ ಕಾಯಿದೆಯಡಿ ನಿರ್ಬಂಧಿತವಲ್ಲ. ಹೀಗೆ ಕಾನೂನು ಹೆಸರಿನ ಮೇಲೆಯೇ ನಿಂತಿರುವುದರಿಂದ, ವಶಪಡಿಸಿಕೊಂಡ ಪುಡಿ ಯಾವ ವಿನ್ಯಾಸದ್ದೆಂಬ ನಿರ್ಣಯ ನ್ಯಾಯದ ಪ್ರಶ್ನೆಯೂ ಆಗುತ್ತದೆ.

ಆ ನಿರ್ಣಯ ಸುಲಭವಲ್ಲ. ಆರೂ ಟಿ.ಎಂ.ಎ.ಗಳ ಅಣುತೂಕ ಒಂದೇ, ಸುಮಾರು 225. ತೂಕವನ್ನು ಮಾತ್ರ ಅಳೆದರೆ ಒಂದನ್ನು ಇನ್ನೊಂದರಿಂದ ಬೇರ್ಪಡಿಸಲಾಗದು. ಖಚಿತ ನಿರ್ಣಯಕ್ಕೆ ಪ್ರತಿಯೊಂದರ ಶುದ್ಧ ಮಾದರಿಯೊಡನೆ ಹೋಲಿಸಿ ನೋಡುವುದು ಅಗತ್ಯ. ಆಸ್ಪತ್ರೆಗಳಲ್ಲಿ ಬಳಸುವ ಮೂತ್ರಪರೀಕ್ಷೆಯ ಪಟ್ಟಿಗಳು ಮುಖ್ಯವಾಗಿ ಆಂಫೆಟಮಿನ್ ಮತ್ತು ಮೆಥಾಂಫೆಟಮಿನ್‌ಗಳಿಗೆ ಹೊಂದಿಸಿದಂಥವು. ಮಿಥಾಕ್ಸಿ ಗುಂಪುಗಳಿರುವ ಅಣುಗಳಿಗೆ ಅವು ಸರಿಯಾಗಿ ಸ್ಪಂದಿಸದಿರಬಹುದು. 1868ರಿಂದ ಸೇವೆಯಲ್ಲಿರುವ ಬೌರಿಂಗ್ ಆಸ್ಪತ್ರೆಯಂಥ ಸಾರ್ವಜನಿಕ ಚಿಕಿತ್ಸಾಲಯಕ್ಕೆ ಭ್ರಾಂತಿಗೊಳಗಾದ ಯುವಕನೊಬ್ಬನನ್ನು ತಂದಾಗ ಪರೀಕ್ಷೆಯ ಪಟ್ಟಿ ‘ಇಲ್ಲ’ ಎಂದರೆ, ಅದು ‘ಏನೂ ಇಲ್ಲ’ ಎಂಬುದಕ್ಕೆ ಸಮಾನವಲ್ಲ. 1967ರ ಸ್ಯಾನ್ ಫ್ರಾನ್ಸಿಸ್ಕೋದ ಪಾಠ ಇಲ್ಲಿಯೂ ಅನ್ವಯಿಸುತ್ತದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಪ್ರಶ್ನೆಗಳನ್ನು ಪ್ರತ್ಯೇಕವಾಗಿಯೇ ಕೇಳಬೇಕೆಂಬುದು ಸ್ಪಷ್ಟವಾಗುತ್ತದೆ. ಎರಡು ಅಣುಗಳು ರಚನೆಯಲ್ಲಿ ಹತ್ತಿರವೆ ಎಂಬುದು ಒಂದು. ದೇಹ ಒಂದನ್ನು ಇನ್ನೊಂದಾಗಿಸುತ್ತದೆಯೆ ಎಂಬುದು ಎರಡನೆಯದು. ಅವುಗಳಲ್ಲಿ ಯಾವುದು, ಯಾವ ಪ್ರಮಾಣದಲ್ಲಿ ಅಪಾಯಕಾರಿ ಎಂಬುದು ಮೂರನೆಯದು. ಬಜೆಯ ವಿಷಯದಲ್ಲಿ ಮೊದಲನೆಯದಕ್ಕೆ ಉತ್ತರ ಹೌದು. ಎರಡನೆಯದಕ್ಕೆ, ದೊರೆತಿರುವ ಸಾಕ್ಷ್ಯದ ಮಟ್ಟಿಗೆ, ಇಲ್ಲ. ಮೂರನೆಯದಕ್ಕೆ ಎರಡು ಬೇರೆಬೇರೆ ಉತ್ತರಗಳಿವೆ: ಟಿ.ಎಂ.ಎ.-2ರ ಅಪಾಯ ಅದರ ಪ್ರಬಲತೆಯಲ್ಲಿಯೂ ನಮ್ಮ ಅಲ್ಪ ತಿಳಿವಳಿಕೆಯಲ್ಲಿಯೂ ಇದೆ. ಬಜೆಯ ಅಪಾಯ ಬೀಟಾ-ಅಸರೋನ್‌ನ ದೀರ್ಘಕಾಲದ ಸೇವನೆಯಲ್ಲಿದೆ. ಭ್ರಾಂತಿಯ ಕಥೆಯನ್ನು ನಂಬಿ ಬಜೆಯ ಎಣ್ಣೆಯನ್ನು ಕುಡಿದವನಿಗೆ ದೊರೆಯುವುದು ವಾಂತಿ. ಅದೇ ಕಥೆಯನ್ನು ಅಲ್ಲಗಳೆದು, ಬಜೆ ಸಂಪೂರ್ಣ ನಿರಪಾಯವೆಂದು ನಂಬುವವನೂ ಇನ್ನೊಂದು ಬಗೆಯಲ್ಲಿ ತಪ್ಪುತ್ತಾನೆ.

ಕರ್ನಾಟಕದಲ್ಲಿ ಬೆಳೆದು ಮಾರಾಟವಾಗುವ ಬಜೆಯ ವರ್ಣತಂತುಗಳ ಬಗೆ, ಅದರ ಎಣ್ಣೆಯಲ್ಲಿ ಬೀಟಾ-ಅಸರೋನ್‌ನ ಪ್ರಮಾಣ, ಶೋಧನೆಯಿಂದ ಅದು ಎಷ್ಟು ಇಳಿಯುತ್ತದೆ, ಸಾಣೆಕಲ್ಲಿನ ಒಂದು ಸುತ್ತಿಗೆ ಎಷ್ಟು ಬೇರು ಸವೆಯುತ್ತದೆ ಎಂಬಂಥ ಸರಳ ಅಳತೆಗಳನ್ನು ಕೊರಟಗೆರೆಯ ಗದ್ದೆಯಿಂದ ಶಿವಾಜಿನಗರದ ಅಂಗಡಿಯವರೆಗೆ ಕ್ರಮವಾಗಿ ಸಂಗ್ರಹಿಸಬೇಕಾಗಿದೆ. ಇದಕ್ಕೆ ಬೃಹತ್ ವೆಚ್ಚವೇನೂ ಬೇಡ. ನಮ್ಮ ವಿಶ್ವವಿದ್ಯಾನಿಲಯಗಳ ಸಸ್ಯಶಾಸ್ತ್ರ, ರಸಾಯನಶಾಸ್ತ್ರ ವಿಭಾಗಗಳೂ ಆಯುರ್ವೇದ ಮತ್ತು ಯುನಾನಿ ಕಾಲೇಜುಗಳೂ ಕೂಡಿ ಇದನ್ನು ಕೈಗೊಂಡರೆ, ಮಗುವಿನ ನಾಲಿಗೆಗೆ ಸವರುವ ಮದ್ದಿನ ಬಗ್ಗೆ ತಾಯಂದಿರಿಗೆ ಖಚಿತವಾದ ಮಾತನ್ನು ಅವರವರ ಭಾಷೆಯಲ್ಲಿಯೇ ಹೇಳಲು ಸಾಧ್ಯವಾಗುತ್ತದೆ.